ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಮನೋಸಾಮಾಜಿಕ ಬೆಂಬಲ: ಅನುಭವವಿದ್ದವರು ತಿಳಿಸಿ

ಮಲೆನಾಡಿನ ಸ್ವಯಂಸೇವಕಿ (ಪ್ರಶ್ನೆ):
ನಮ್ಮೂರಿನ ಗುಡ್ಡ ಜರಿದು ಮನೆ ಕಳೆದುಕೊಂಡ ಕುಟುಂಬಗಳು ಈಗ ಶಾಲೆಯ ಕಾಳಜಿ ಕೇಂದ್ರದಲ್ಲಿವೆ. ಮಳೆ ಜೋರಾದ ರಾತ್ರಿ ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು ಜಗಲಿಗೆ ಬಂದು ನಿಲ್ಲುತ್ತಾರೆ. ನಮ್ಮ ಮಹಿಳಾ ಸಂಘದವರು ಅವರ ಜೊತೆಗಿರಬೇಕೆಂದಿದ್ದೇವೆ, ಆದರೆ ನಮ್ಮಲ್ಲಿ ಮನಃಶಾಸ್ತ್ರ ಓದಿದವರು ಯಾರೂ ಇಲ್ಲ. ಎಲ್ಲಿಂದ ಆರಂಭಿಸಬೇಕು, ಖರ್ಚು ಎಷ್ಟಾಗಬಹುದು?

ಮಡಿಕೇರಿಯ ನಿವೃತ್ತ ಶಿಕ್ಷಕಿ:
2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾನು ಪರಿಹಾರ ಕೇಂದ್ರವೊಂದರಲ್ಲಿ ಕೆಲಸ ಮಾಡಿದ್ದೇನೆ. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳ ಮುಂದೆ ಒಂದರ ಹಿಂದೊಂದು ತಂಡ ಬಂದು ಕುಳಿತು, ಆಗ ಎಲ್ಲಿದ್ದಿರಿ, ಏನು ಕಂಡಿರಿ ಎಂದು ಅದದನ್ನೇ ಕೇಳಿ ನಮೂನೆ ತುಂಬಿಕೊಂಡು ಹೋಗುತ್ತಿತ್ತು. ಕೊನೆಗೆ ನಾನು ಬಾಗಿಲಲ್ಲೇ ನಿಂತು ಅವರನ್ನು ತಡೆದೆ. ನನ್ನ ಮೇಲೆ ದೂರು ಹೋಯಿತು, ಹೋಗಲಿ. ಇವತ್ತಿಗೂ ಹಾಗೆಯೇ ತಡೆಯುತ್ತೇನೆ. ನಾನು ಹಿಡಿದದ್ದು ಕಾಗದಪತ್ರದ ಕೆಲಸ: ಪಹಣಿ, ರೇಷನ್ ಕಾರ್ಡ್, ಮಕ್ಕಳ ಅಂಕಪಟ್ಟಿ. ದೇಹ ಸಿಗದಿದ್ದರಿಂದ ಆಕೆಗೆ ಗಂಡನ ಮರಣ ಪ್ರಮಾಣಪತ್ರ ಸಿಕ್ಕಿರಲಿಲ್ಲ; ತಿಥಿ ಮಾಡಬೇಕೋ, ಕಾಯಬೇಕೋ ಎಂಬುದೇ ತಿಳಿಯದೆ ಆಕೆ ಊಟ ಬಿಟ್ಟಿದ್ದಳು. ಛಾಪಾ ಕಾಗದ, ನೋಟರಿ, ಜೆರಾಕ್ಸ್, ಜೀಪಿನ ಬಾಡಿಗೆ ಎಲ್ಲ ಸೇರಿ ಒಂದು ಮನೆಗೆ 800ರಿಂದ 1,200 ರೂಪಾಯಿ ತಗಲಿತು. ಕೊಡುತ್ತೇವೆಂದಿದ್ದ ಸಂಸ್ಥೆ ಕೊಡಲಿಲ್ಲ, ಎಲ್ಲವೂ ನನ್ನ ಪಿಂಚಣಿಯಿಂದ ಹೋಯಿತು. ಬೆಂಬಲವೆಂದರೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಸೂರಿನ ಆಪ್ತಸಮಾಲೋಚಕ:
ಮೇಡಂ ಅವರೇ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಡೆದದ್ದನ್ನೆಲ್ಲ ಬಲವಂತವಾಗಿ ಹೇಳಿಸಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲೇ ಇದೆ. ಗಮನಿಸಿ, ಆಲಿಸಿ, ನೆರವಿಗೆ ಜೋಡಿಸಿ ಎಂಬಷ್ಟೇ ಅದರ ಕ್ರಮ. ನಾವೂ ಹಾಗೆಯೇ ಮಾಡಿದೆವು. ಆದರೆ ಕೇಂದ್ರ ಮುಚ್ಚಿ ಜನ ಬಾಡಿಗೆ ಮನೆಗಳಿಗೆ ಚದುರಿದ ಮೇಲೆ ನಮ್ಮ ಗೌರವಧನ ನಿಂತಿತು. ಬೈಕಿನ ಪೆಟ್ರೋಲಿಗೆ ತಿಂಗಳಿಗೆ 3,500 ರೂಪಾಯಿ ಕೈಯಿಂದ ಹಾಕಿಕೊಂಡು ಓಡಾಡಿದೆ. ಕೇಂದ್ರದಲ್ಲಿ ಎಲ್ಲರಿಗೂ ಅನ್ನ ಬಡಿಸುತ್ತ ಓಡಾಡುತ್ತಿದ್ದ ಒಬ್ಬ ತೋಟದ ಕಾರ್ಮಿಕ, ಪರಿಹಾರದ ಹಣವೂ ಪತ್ರಗಳೂ ಕೈಸೇರಿದ ಮೇಲೆ ಕುಡಿತಕ್ಕೆ ಬಿದ್ದು, ತಾನಿನ್ನು ಬದುಕಿ ಪ್ರಯೋಜನವಿಲ್ಲವೆಂದು ಮಗಳ ಬಳಿ ಹೇಳತೊಡಗಿದ್ದ. ಆ ಮಾತು ನನ್ನ ಕಿವಿಗೆ ಬಿದ್ದದ್ದರಿಂದ ಅವನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಸೇರಿಸಲು ಸಾಧ್ಯವಾಯಿತು. ಪಹಣಿ ಕೊಟ್ಟು ಕೈತೊಳೆದುಕೊಂಡಿದ್ದರೆ ಅವನು ಉಳಿಯುತ್ತಿರಲಿಲ್ಲ.

ಮಡಿಕೇರಿಯ ನಿವೃತ್ತ ಶಿಕ್ಷಕಿ:
ನಾನು ಕೈತೊಳೆದುಕೊಂಡೆನೆಂದು ನಿಮಗೆ ಯಾರು ಹೇಳಿದರು? ಆ ಹೆಣ್ಣುಮಗಳು ಈಗಲೂ ನನ್ನ ಮನೆಗೆ ಬಂದು ಹೋಗುತ್ತಾಳೆ.

ಮಕ್ಕಂದೂರು ಕಡೆಯವನು:
ಮನೆ, ಕಾಫಿ ತೋಟ ಎರಡನ್ನೂ ಕಳೆದುಕೊಂಡವನು ನಾನು. ನಿಮ್ಮಿಬ್ಬರ ವಾದದಲ್ಲಿ ನಾವು ಎಲ್ಲಿದ್ದೇವೆ? ಕೇಂದ್ರಕ್ಕೆ ಬಂದ ವೈದ್ಯರೊಬ್ಬರು ಏನನ್ನೂ ಕೇಳದೆ ನನ್ನ ತಾಯಿಗೆ ನಿದ್ರೆ ಮಾತ್ರೆ ಬರೆದುಕೊಟ್ಟರು. ಅದು ಅಭ್ಯಾಸವಾಗಿ, ಬಿಡಿಸಲು ಹೋದಾಗ ಕೈಕಾಲು ನಡುಗತೊಡಗಿ, ಮಂಗಳೂರಿಗೆ ಕರೆದೊಯ್ಯಬೇಕಾಯಿತು. ವೈದ್ಯರ ಶುಲ್ಕ 600, ರಕ್ತಪರೀಕ್ಷೆ 1,450, ಲಾಡ್ಜಿಗೆ ರಾತ್ರಿಗೆ 900, ಬಸ್ಸು, ಊಟ. ಹೆಂಡತಿಯ ಬಳೆ ಅಡವಿಟ್ಟು ಅಷ್ಟನ್ನೂ ಭರಿಸಿದೆ. ಮೊದಲ ತಿಂಗಳಲ್ಲಿ ಇಂತಹ ಆಘಾತಕ್ಕೆ ಆ ಜಾತಿಯ ಮಾತ್ರೆ ಕೊಡಬಾರದೆಂದು 2013ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತೆಂಬುದು ನನಗೆ ಗೊತ್ತಾದದ್ದು ಆಮೇಲೆ. ಮನೆ ಹಂಚಿಕೆಯಲ್ಲಿ ಹಳೆಯ ನೆರೆಹೊರೆಯವರು ಬೇರೆ ಬೇರೆ ಬಡಾವಣೆಗಳಿಗೆ ಹೋದರು. ಅಮ್ಮನಿಗೆ ಬೇಕಾಗಿದ್ದದ್ದು ಪಕ್ಕದ ಮನೆಯ ಅಜ್ಜಿ, ಮಾತ್ರೆಯಲ್ಲ.

ಬಾಗಲಕೋಟೆಯ ಆಶಾ ಕಾರ್ಯಕರ್ತೆ:
ಅಣ್ಣಾವ್ರೇ, ನಿಮ್ಮ ತಾಯಿಯವರಿಗಾದದ್ದು ಅನ್ಯಾಯವೇ, ಆದರೆ ಅದನ್ನು ಓದಿ ಯಾರೂ ಎಲ್ಲ ಮಾತ್ರೆಗಳನ್ನೂ ಎಸೆಯಬಾರದು. 2019ರ ಪ್ರವಾಹದಲ್ಲಿ, ಮೊದಲಿನಿಂದಲೂ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದ ಒಬ್ಬ ಹುಡುಗನ ಚೀಟಿ, ಮಾತ್ರೆ ಎರಡೂ ನೀರುಪಾಲಾಗಿ ಕಾಯಿಲೆ ಮರುಕಳಿಸಿತು, ಹೆತ್ತವರನ್ನೇ ಗುರುತಿಸದಂತಾಗಿದ್ದ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಔಷಧಿ ಇರಲಿಲ್ಲ, 40 ಕಿಲೋಮೀಟರ್ ದೂರದ ಅಂಗಡಿಯಿಂದ ತರಿಸಿದೆವು. ಕೇಂದ್ರಕ್ಕೆ ಹೋದ ಮೊದಲ ದಿನವೇ ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆಂದು ಬರೆದಿಟ್ಟುಕೊಳ್ಳಿ. ಸಮಾಲೋಚಕರಿಗೂ ಒಂದು ಮಾತು: ನಿಮ್ಮ ಗೌರವಧನ ನಡುವೆ ನಿಂತಿತು, ನಮ್ಮದು ಆರಂಭವೇ ಆಗಲಿಲ್ಲ. ನನ್ನ ಮನೆಯೊಳಗೂ ನೀರಿತ್ತು. ನೀನು ಹೇಗಿದ್ದೀಯಮ್ಮ ಎಂದು ನಮ್ಮನ್ನು ಕೇಳಿದವರಿಲ್ಲ.

ಮೈಸೂರಿನ ಆಪ್ತಸಮಾಲೋಚಕ:
ನಿಮ್ಮ ಮಾತು ಒಪ್ಪಿದೆ. ಪ್ರಶ್ನೆ ಕೇಳಿದವರಿಗೆ: ಮನಃಶಾಸ್ತ್ರ ಓದಿಲ್ಲವೆಂದು ಹಿಂಜರಿಯಬೇಡಿ. 1999ರ ಒಡಿಶಾ ಚಂಡಮಾರುತ ಮತ್ತು 2001ರ ಗುಜರಾತ್ ಭೂಕಂಪದ ನಂತರ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ತರಬೇತಿ ಕೊಟ್ಟದ್ದು ಊರಿನ ಸಾಮಾನ್ಯ ಕಾರ್ಯಕರ್ತರಿಗೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ಮಡಿಕೇರಿಯ ನಿವೃತ್ತ ಶಿಕ್ಷಕಿ:
ಗುಡ್ಡ ಕುಸಿದಾಗ ಮೊದಲು ಹೋಗುವುದು ಕರೆಂಟು ಮತ್ತು ಟವರ್, ಸ್ವಾಮಿ. ಆ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಿ, ಜೊತೆಗೆ ರಾತ್ರಿ ಹೊತ್ತಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಬರುವ ಜೀಪಿನವರ ಬಳಿ ಬಾಡಿಗೆಯನ್ನೂ ಈಗಲೇ ಮಾತನಾಡಿಟ್ಟುಕೊಳ್ಳಿ.