ಆಫೀಸಲ್ಲಿ ರಾಜ್ಯೋತ್ಸವ ಮಾಡಿಸಿದವರು ಅನುಭವ ಹೇಳಿ

ಕೇಳಿದವರು: 180 ಜನರ ಆಫೀಸು, ಅರ್ಧಕ್ಕರ್ಧ ಕನ್ನಡ ಬಾರದವರು. ಈ ಸಲ ರಾಜ್ಯೋತ್ಸವದ ಹೊಣೆ ನನ್ನ ತಲೆಗೆ ಬಂದಿದೆ. ಕೊಟ್ಟಿರೋದು ಒಂದು ಗಂಟೆ, 25,000 ರೂಪಾಯಿ. ಬೇರೆ ಭಾಷೆಯವರಿಗೂ ನಾಡಿನ ಚರಿತ್ರೆ ಮುಟ್ಟೋ ಹಾಗೆ ಏನು ಮಾಡಬಹುದು?

ಪ್ರಿಂಟಿಂಗ್ ಕಡೆಯವ: ಮೊದಲು ಬ್ಯಾನರ್ ನೋಡಿ, ಮಿಕ್ಕಿದ್ದೆಲ್ಲ ಆಮೇಲೆ. ಡಿಸೈನರ್ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸ್ತಾರೆ, ಅಂಗಡಿಯಲ್ಲಿರೋದು ಹಳೇ ನುಡಿ ಫಾಂಟು, ಅದರ ಅಕ್ಷರ ಸಂಕೇತವೇ ಬೇರೆ. ಫೈಲ್ ತೆರೆದ ಕೂಡಲೇ ಒತ್ತಕ್ಷರ ಕಳಚಿಕೊಂಡು ‘ರಾಜ್‌ಯೋತ್‌ಸವ’ ಆಗಿರುತ್ತೆ. ಫೋಟೋಶಾಪ್‌ನಲ್ಲೂ ಭಾರತೀಯ ಲಿಪಿ ಸರಿಯಾಗಿ ಜೋಡಿಸೋ ವರ್ಲ್ಡ್-ರೆಡಿ ಆಯ್ಕೆ ಹಾಕದಿದ್ದರೆ ಇದೇ ಗತಿ. ಅಕ್ಷರಗಳನ್ನ ಕರ್ವ್ ಮಾಡಿ, ಅಂದ್ರೆ ಫಾಂಟ್ ಬೇಡದ ರೇಖಾಚಿತ್ರವಾಗಿಸಿ, ಪಿಡಿಎಫ್ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರ 8x4 ಅಡಿಗೆ ಹಿಗ್ಗಿಸಿದರೆ ಒಡೆದುಹೋಗುತ್ತೆ. ಎ4 ಹಾಳೇಲಿ ಪ್ರೂಫ್ ತೆಗೆಸಿ, ಕನ್ನಡ ಓದೋರು ಒಬ್ಬರು ಸಹಿ ಹಾಕೋ ತನಕ ಪ್ರಿಂಟಿಗೆ ಬಿಡಬೇಡಿ. ಒಂದು ಒತ್ತು ತಪ್ಪಿದ್ರೂ 32 ಚದರಡಿಗೂ ಮತ್ತೆ ದುಡ್ಡು ಕಟ್ಟಬೇಕು.

ಧ್ವಜದ ಉಸ್ತುವಾರಿ: ಬ್ಯಾನರ್ ಯಾರೂ ಓದಲ್ಲ ಸ್ವಾಮಿ, ಬಾವುಟ ಸಿಕ್ಕಿಹಾಕಿಕೊಂಡ್ರೆ ಮಾತ್ರ ಎಲ್ಲರೂ ವಿಡಿಯೋ ಮಾಡ್ತಾರೆ. ಹಳದಿ ಮೇಲೆ, ಕೆಂಪು ಕೆಳಗೆ. ಮಡಚಿ ಕಟ್ಟಿದ ಮೇಲೆ ಇದು ಗೊತ್ತಾಗಲ್ಲ, ಅದಕ್ಕೇ ಕಟ್ಟೋ ಮುಂಚೆ ಹಳದಿ ಕಡೆಯ ತುದಿಗೆ ಪೆನ್ನಲ್ಲಿ ಗುರುತು ಹಾಕಿ. ಹತ್ತಿ ಹಗ್ಗ ಬೇಡ. ಹಿಂದಿನ ರಾತ್ರಿ ಮಳೆ ಬಂದ್ರೆ ಉಬ್ಬಿ ರಾಟೆಯಲ್ಲಿ ಕಚ್ಚಿಕೊಳ್ಳುತ್ತೆ. ನೈಲಾನ್ ಹಾಕಿ, ಜಾರುಗಂಟು ಒಂದೇ ಸುತ್ತು. ಹೂವಿನ ಎಸಳು ಒಂದು ಬೊಗಸೆ ಸಾಕು, ಒಣಗಿದ್ದಾಗಿರಲಿ. ಒದ್ದೆ ಗುಲಾಬಿ ಹಳದಿ ಬಟ್ಟೆಗೆ ಕಲೆ ಹಚ್ಚುತ್ತೆ. ರಾಷ್ಟ್ರಧ್ವಜದ ಕಂಬಕ್ಕೇ ಇದನ್ನೂ ಕಟ್ಟೋರಿದ್ದಾರೆ, ಅದು ಧ್ವಜಸಂಹಿತೆಗೆ ವಿರುದ್ಧ. ಅದಕ್ಕಿಂತ ಎತ್ತರಕ್ಕಂತೂ ಯಾವುದೂ ಹಾರಬಾರದು.

ಧಾರವಾಡ ಕಡೆಯವರು: ಎಲ್ಲಾ ಆಫೀಸ್‌ನಾಗೂ ಅದ ಮೈಸೂರು ಪೇಟ, ಅದ ಅಂಬಾರಿ. ಕರ್ನಾಟಕ ಅಂದ್ರ ಅಷ್ಟ ಏನ್ರಿ? ಕನ್ನಡ ಭಾಗಗಳು ಕೂಡಿದ 1956ರ ನಕಾಶಿ ಹಾಕ್ರಿ, ಯಾವ ಭಾಗ ಎಲ್ಲಿಂದ ಬಂತು ಅಂತ ಐದು ಬಣ್ಣದಾಗ. ಹಳೇ ಮೈಸೂರು ಒಂದು. ಮುಂಬಯಿ ರಾಜ್ಯದಿಂದ ಬಂದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಒಂದು. ಹೈದರಾಬಾದಿನ ಬೀದರ, ಕಲಬುರ್ಗಿ, ರಾಯಚೂರು ಒಂದು. ಮದ್ರಾಸಿನ ದಕ್ಷಿಣ ಕನ್ನಡ, ಕೊಳ್ಳೇಗಾಲ ಒಂದು. ಕೊಡಗು ಬ್ಯಾರೇನ. ಬಳ್ಳಾರಿಗೆ ಮದ್ರಾಸ್ ಬಣ್ಣ ಬಳಿದು ಕೆಡಸಬ್ಯಾಡ್ರಿ, ಅದು 1953ರಾಗ ಮೈಸೂರಿಗೆ ಸೇರೇದ. ಇನ್ನ ಕ್ವಿಜ್‌ನಾಗ ‘1956ರಾಗ ಕರ್ನಾಟಕ ಅಂತ ಹೆಸರಾತು’ ಅಂತ ಉತ್ತರ ಇಟ್ಟಿರ್ತಾರ. ಆಗ ಆಗಿದ್ದು ಮೈಸೂರು ರಾಜ್ಯ. ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರ ನವೆಂಬರ್ 1ಕ್ಕ.

ಮಂಡ್ಯ ಹೈದ: ಪೇಟ ಹಾಕುದ್ರೆ ನಿಮಗ್ಯಾಕೆ ಉರಿ? ಬಾಡಿಗೆಗೆ ಸುಲಭವಾಗಿ ಸಿಗೋದು ಅದೇ.

ಧಾರವಾಡ ಕಡೆಯವರು: ಉರಿ ಅಲ್ರಿ, ಲೆಕ್ಕ. ಏಕೀಕರಣಕ್ಕ ದುಡಿದ ಆಲೂರು ವೆಂಕಟರಾಯರ ಫೋಟೋ ಒಂದು ಆಫೀಸ್‌ನಾಗ ತೋರಸ್ರಿ ನೋಡೂಣು. ಹೆಸರಿಗೆ 17 ವರ್ಷ ಕಾಯಿಸಿದವರು ಯಾರು ಅಂತ ಗೊತ್ತೈತಿ.

ಎಚ್‌ಆರ್ ಕಡೆಯವರು: ಇಬ್ಬರೂ ಸ್ವಲ್ಪ ಸುಮ್ಮನಿರಿ. ಕೇಳಿದವರು ದಿನಾಂಕ ಹೇಳಿಲ್ಲ. ನವೆಂಬರ್ 1ರಂದೇ ಕಾರ್ಯಕ್ರಮ ಇಟ್ಟು ಹಾಜರಿ ಕಡ್ಡಾಯ ಅಂತ ಮೇಲ್ ಹಾಕಿಬಿಡಬೇಡಿ. ನಮ್ಮ ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾ ಕಾಯಿದೆ ಪ್ರಕಾರ ಅದು ಸಂಬಳಸಹಿತ ರಜೆ. ಅವತ್ತು ಕೆಲಸ ಮಾಡಿಸಿದರೆ ದುಪ್ಪಟ್ಟು ಸಂಬಳ, ಇಲ್ಲವೇ ಅವತ್ತಿನ ಸಂಬಳದ ಜೊತೆ ಸಂಬಳಸಹಿತ ಬದಲಿ ರಜೆ. ಹಿಂದಿನ ಕೆಲಸದ ದಿನ ಮಧ್ಯಾಹ್ನ 3ಕ್ಕೆ ಇಟ್ಟುಕೊಂಡರೆ ಈ ತಕರಾರೇ ಇಲ್ಲ.

ಧ್ವಜದ ಉಸ್ತುವಾರಿ: ಅಂದ್ರೆ ರಾಜ್ಯೋತ್ಸವದ ದಿನ ಬಾವುಟ ಹಾರಿಸೋರೇ ಇಲ್ಲ! ನವೆಂಬರ್ ಕನ್ನಡಿಗರು ಅಂತಿದ್ರು, ಈಗ ಅಕ್ಟೋಬರ್ ಕನ್ನಡಿಗರು.

ಎಚ್‌ಆರ್ ಕಡೆಯವರು: ಸ್ವಇಚ್ಛೆಯಿಂದ ಬರೋರು ಬೆಳಿಗ್ಗೆ ಬಂದು ಹಾರಿಸಲಿ, ಯಾರು ಬೇಡ ಅಂದ್ರು? ಬದಲಿ ರಜೆಯ ಫಾರ್ಮ್ ತುಂಬಿಸೋದು ನೀವಲ್ಲ, ನಾನು.

ಕೇಳಿದವರು: ಕನ್ನಡ ಬಾರದವರಿಗೆ ಏನು ಮಾಡೋದು ಅಂತ ಯಾರೂ ಹೇಳಲೇ ಇಲ್ಲ.

ಮೈಕ್ ಸೆಟ್ಟಿನವ: ನಾಡಗೀತೆಯ ಸಾಲುಗಳನ್ನ ಅವರವರ ಲಿಪಿಯಲ್ಲಿ ಬರೆದು ಪರದೆ ಮೇಲೆ ಹಾಕಿ. ಒಂದು ಸ್ಲೈಡಿಗೆ ನಾಲ್ಕೇ ಸಾಲು, ಅದಕ್ಕಿಂತ ಹೆಚ್ಚಾದ್ರೆ ಹಿಂದಿನ ಸಾಲಿನವರಿಗೆ ಕಾಣಲ್ಲ. 2022ರಲ್ಲಿ ಸರ್ಕಾರ ಗೊತ್ತುಮಾಡಿದ್ದು ಮೈಸೂರು ಅನಂತಸ್ವಾಮಿ ಧಾಟಿ, 2 ನಿಮಿಷ 30 ಸೆಕೆಂಡು. ಆ ಅಳತೆಯ ಧ್ವನಿಮುದ್ರಿಕೆಯನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ವೈರಲ್ಲೇ ಕೊಡಿ. ಫೋನಿಂದ ಬ್ಲೂಟೂತ್‌ನಲ್ಲಿ ಹಾಕಿದ್ರೆ ಮಧ್ಯದಲ್ಲಿ ಕಾಲ್ ಬಂದು, ಎಲ್ಲರೂ ಎದ್ದು ನಿಂತಿರುವಾಗ ಸ್ಪೀಕರಲ್ಲಿ ರಿಂಗ್‌ಟೋನ್ ಕೇಳುತ್ತೆ.

ಪ್ರಿಂಟಿಂಗ್ ಕಡೆಯವ: ಗಾಯಕ ಸಿ. ಅಶ್ವತ್ಥ್ ಧಾಟಿ ಯಾಕೆ ಬೇಡ? ಜನ ಜೊತೆಗೆ ಹಾಡೋದು ಅದನ್ನೇ.

ಮೈಕ್ ಸೆಟ್ಟಿನವ: ಶುರುವಾಯ್ತು ನೋಡಿ. ಎರಡು ಧಾಟಿಯೋರು ಒಂದೇ ಸಭೇಲಿ ನಿಂತ್ರೆ ಎರಡನೇ ಸಾಲಿಗೇ ತಾಳ ತಪ್ಪುತ್ತೆ. ಅದಕ್ಕೇ ಹಿಂದಿನ ದಿನ ಒಂದು ಸಲ ಕೇಳಿಸಿ ಅಂದಿದ್ದು.

ಪ್ರಿಂಟಿಂಗ್ ಕಡೆಯವ: ಎಲ್ಲಿ ಅಂದ್ರಿ? ಮೇಲೆ ಹೋಗಿ ಓದಿ, ಹಾಗೆ ಬರೆದೇ ಇಲ್ಲ.