ಮಧ್ಯಾಹ್ನ ಹೊತ್ತಲ್ಲೇ ಎ.ಸಿ. ಎಂಸಿಬಿ ಬೀಳುತ್ತಿದೆ, ಏನು ಮಾಡಲಿ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಅಣ್ಣಾ, ನಮ್ಮದು ಒಂದೂವರೆ ಟನ್ ಸ್ಪ್ಲಿಟ್ ಎ.ಸಿ. ಹಳೇದು, ಇನ್ವರ್ಟರ್ ಅಲ್ಲ. ಚೆನ್ನಾಗಿ ತಂಪು ಕೊಡುತ್ತದೆ, ಆದರೆ ಮಧ್ಯಾಹ್ನ ಹಾಕಿದರೆ ಕಾಲು ಗಂಟೆಗೆಲ್ಲ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ರಾತ್ರಿ ತೊಂದರೆ ಇಲ್ಲ. ‘ಗ್ಯಾಸ್ ತುಂಬಿಸಿ, ಇಲ್ಲಾಂದ್ರೆ 16 ಆಂಪಿಯರ್ ತೆಗೆದು 32ರದ್ದು ಹಾಕಿಸಿ’ ಅಂತ ಮೆಕ್ಯಾನಿಕ್ ಹೇಳಿದರು. ಹಾಕಿಸಲಾ? ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಈ ಬಿಸಿಲು ಅವರಿಗೆ ತಡೆಯಲ್ಲ.

ಉತ್ತರ (ಎ.ಸಿ. ಟೆಕ್ನಿಷಿಯನ್): ಅಕ್ಕಾ, 32ರದ್ದು ಬೇಡವೇ ಬೇಡ. ಎಂಸಿಬಿ ಇರುವುದೇ ಗೋಡೆಯೊಳಗಿನ ವೈರ್ ಉಳಿಸಲಿಕ್ಕೆ. ಅಲ್ಲಿ 2.5 ಸ್ಕ್ವೇರ್ ಎಂಎಂ ವೈರ್ ಇದ್ದರೆ, 32ರದ್ದು ಬೀಳುವ ಮೊದಲೇ ವೈರ್ ಬಿಸಿಯಾಗಿ ಇನ್ಸುಲೇಷನ್ ಹಾಳಾಗುತ್ತದೆ. ಗ್ಯಾಸ್‌ಗೂ ಸುಮ್ನೆ ದುಡ್ಡು ಹಾಕಬೇಡಿ. ಗ್ಯಾಸ್ ಕಮ್ಮಿಯಾದರೆ ತಂಪು ಕಮ್ಮಿಯಾಗುತ್ತದೆ, ಕಂಪ್ರೆಸರ್ (ಗ್ಯಾಸ್ ಒತ್ತುವ ಮೋಟಾರ್) ಎಳೆಯುವ ಕರೆಂಟ್ ಸಾಮಾನ್ಯವಾಗಿ ಇಳಿಯುತ್ತದೆ.

ಬೀಳುವ ಹೊತ್ತನ್ನೇ ನೋಡಿ. ಶಾರ್ಟ್ ಆಗಿದ್ದರೆ ಎಂಸಿಬಿ ತಕ್ಷಣ ಬೀಳುತ್ತಿತ್ತು. ತಡವಾಗಿ ಬಿದ್ದರೆ ಅದರೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಗ್ಗಿದೆ ಅಂತ ಅರ್ಥ. ಆ ಬಿಸಿ ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ.

ಎ.ಸಿ. ಒಳಗಿನ ಬಿಸಿ ಎತ್ತಿ ಹೊರಗೆ ಹಾಕುವ ಹೀಟ್ ಪಂಪ್. ಹೊರಗಿನ ಕಾಯಿಲ್‌ಗೆ ಧೂಳು ಕೂತು, ಮೇಲಿಂದ ಬಿಸಿಲೂ ಬಿದ್ದರೆ ಬಿಸಿ ಹೊರಹೋಗುವುದಿಲ್ಲ. ಗ್ಯಾಸಿನ ಒತ್ತಡ ಏರುತ್ತದೆ, ಕರೆಂಟ್ ಏರುತ್ತದೆ. ವೋಲ್ಟೇಜ್ ಇಳಿದಿದ್ದರೆ ಇನ್ನೂ ಜಾಸ್ತಿ. 7-8 ಆಂಪಿಯರ್ ಎಳೆಯಬೇಕಾದದ್ದು 11-12 ಎಳೆಯಬಹುದು. ಆದರೆ ಅಷ್ಟಕ್ಕೇ 16ರ ಎಂಸಿಬಿ ಬೀಳಬಾರದು! ಹಾಗಾಗಿ ನನಗೆ ಎಂಸಿಬಿಯ ಸ್ಕ್ರೂ ಮೇಲೇ ಅನುಮಾನ. ಕರೆಂಟ್ ಏರಿದಷ್ಟೂ ಸಡಿಲವಾದ ಸ್ಕ್ರೂ ತಾನೇ ಬಿಸಿಯಾಗಿ ಎಂಸಿಬಿಯನ್ನೂ ಬಿಸಿ ಮಾಡುತ್ತದೆ. ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಎ.ಸಿ. ಓಡುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಕ್ಲಾಂಪ್ ಮೀಟರ್ ಹಾಕಿಸಿ ನೋಡಿ. ಹೊರಗಿನ ಯೂನಿಟ್ ನೀವು ಬಿಚ್ಚಬೇಡಿ, ಆಫ್ ಮಾಡಿದರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಇನ್ನೊಬ್ಬರು (ಚಿತ್ರದುರ್ಗ): ಸರ್, ನಮ್ಮದು ಸ್ವಿಚ್ ಹಾಕಿದ ತಕ್ಷಣ ಬೀಳುತ್ತದೆ. ಮತ್ತೆ ಮತ್ತೆ ಎತ್ತಿ ನೋಡಿದೆ.

ಉತ್ತರ: ಇನ್ನು ಎತ್ತಬೇಡಿ ಸರ್. ವೈರ್ ಎಲ್ಲೋ ಶಾರ್ಟ್ ಆಗಿರಬಹುದು, ಅಥವಾ ಕಂಪ್ರೆಸರ್ ಒಳಗಿನ ತಂತಿ ಸುತ್ತು (ವೈಂಡಿಂಗ್) ಅದರ ಲೋಹದ ಕವಚಕ್ಕೆ ತಾಗಿರಬಹುದು. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ ನೋಡಿದರೆ ಗೊತ್ತಾಗುತ್ತದೆ. ಬೀಳುತ್ತಿರುವುದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಆದರೆ ಕರೆಂಟ್ ಅರ್ಥ್‌ಗೆ ಸೋರುತ್ತಿದೆ. ಮನೆಗಳಲ್ಲಿ ಅದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು, ಅದನ್ನು ಬೈಪಾಸ್ ಮಾಡಿಸಲೇಬೇಡಿ. ಜೀವದ ವಿಷಯ.

ವಿದ್ಯಾನಗರದವರು: ಅಣ್ಣಾ, ನೀವು ಹೇಳಿದ್ದೇ ನಿಜ. ಸ್ಕ್ರೂ ಸಡಿಲ ಇತ್ತು. ಅಲ್ಲಿನ ಕೆಂಪು ವೈರ್‌ನ ತುದಿ ಕಂದಾಗಿ, ಸಿಪ್ಪೆ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ತಾರಸಿ ಮೇಲಿನ ಕಾಯಿಲ್‌ನಲ್ಲಿ ಧೂಳು ಕಂಬಳಿ ಹಾಗೆ ಕೂತಿತ್ತು.

ಉತ್ತರ: ಸುಟ್ಟ ತುದಿ ಕತ್ತರಿಸಿ, ಒಳ್ಳೆ ತಾಮ್ರ ಬಿಡಿಸಿ ಬಿಗಿ ಮಾಡಿಸಿ. ಆ ಎಂಸಿಬಿಯೂ ಬಿಸಿಗೆ ಸೋತಿರುತ್ತದೆ, 16ರದ್ದೇ ಸಿ ಟೈಪ್ (ಮೋಟಾರ್ ಶುರುವಾಗುವಾಗಿನ ಜಾಸ್ತಿ ಕರೆಂಟ್‌ಗೆ ಬೀಳದ್ದು) ಹೊಸದು ಹಾಕಿಸಿ. ಕಾಯಿಲ್ ತೊಳೆಯುವಾಗ ನೀರಿನ ರಭಸ ಜಾಸ್ತಿ ಬೇಡ, ಅದರ ತೆಳು ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಆಮೇಲೆ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಎಷ್ಟು ಆಂಪಿಯರ್ ತೋರಿಸುತ್ತದೆ ಅಂತ ಇಲ್ಲೇ ತಿಳಿಸಿ ಅಕ್ಕಾ.