ಇಟಲಿಯ ಉದ್ಯಾನಗಳ ‘ಟೆರೇಸ್’ಗೆ ‘ಮಜಲು’ ಒಗ್ಗುತ್ತದೆಯೇ?

ಬಳಗದವರಿಗೆ ನಮಸ್ಕಾರ.

16ನೇ ಶತಮಾನದ ಇಟಲಿಯ ಉದ್ಯಾನಗಳ ಕುರಿತು ಲೇಖನ ಬರೆಯುತ್ತಿದ್ದೇನೆ. ‘ಟೆರೇಸ್’ ಎಂಬ ಪದ ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿದೆ. ‘ತಾರಸಿ ತೋಟ’ ಎಂದರೆ ಓದುಗರು ಮನೆಯ ಮೇಲಿನ ಕುಂಡಗಳನ್ನು, ಟೊಮೆಟೊ ಗಿಡಗಳನ್ನು ನೆನೆಯುತ್ತಾರೆ. ಇಲ್ಲಿ ಹೇಳಬೇಕಾದದ್ದು ಗುಡ್ಡದ ಇಳಿಜಾರನ್ನು ಕಡಿದು, ತಡೆಗೋಡೆ ಕಟ್ಟಿ, ಒಂದರ ಕೆಳಗೊಂದು ಸಮತಟ್ಟು ಮಾಡಿದ ನೆಲವನ್ನು.

ಈ ತೋಟಗಳ ಜೀವವೇ ಆ ಇಳಿಜಾರು. ರೋಮ್ ಬಳಿಯ ತಿವೊಲಿಯಲ್ಲಿ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು) ಇಪ್ಪೊಲಿತೊ ದೆಸ್ತೆಗಾಗಿ ಪಿರ್ರೊ ಲಿಗೊರಿಯೊ ರೂಪಿಸಿದ ವಿಲ್ಲಾ ದೆಸ್ತೆಯನ್ನೇ ನೋಡಿ. ಅನಿಯೇನೆ ನದಿಯ ನೀರನ್ನು ಸುರಂಗದಲ್ಲಿ ತಂದು ಮೇಲಿನಿಂದ ಬಿಟ್ಟರು. ಯಾವ ಯಂತ್ರದ ಹಂಗೂ ಇಲ್ಲದೆ, ಬೀಳುವ ನೀರಿನ ಒತ್ತಡದಿಂದಲೇ ಅಲ್ಲಿನ ಕಾರಂಜಿಗಳು ಚಿಮ್ಮುತ್ತವೆ. ನೀರಿನಿಂದ ನುಡಿಯುವ ಆರ್ಗನ್ ವಾದ್ಯವೂ ಒಂದಿದೆ.

ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ವಿತೆರ್ಬೊ ಹತ್ತಿರದ ಬಾನ್ಯಾಯಾದಲ್ಲಿರುವ ವಿಲ್ಲಾ ಲಾಂತೆ. ಕಾರ್ಡಿನಲ್ ಗಂಬಾರಾ ಕಟ್ಟಿಸಿದ್ದು. ವಿನ್ಯಾಸ ವಾಸ್ತುಶಿಲ್ಪಿ ವಿನ್ಯೋಲನದೆಂಬುದು ವಾಡಿಕೆ. ತುತ್ತತುದಿಯಲ್ಲಿ ಪಾಚಿಗಟ್ಟಿದ ಬಂಡೆಗಳ ನಡುವೆ ನೀರು ಒಸರುತ್ತದೆ. ಅಲ್ಲಿಂದ ಕಲ್ಲಿನ ಸುರುಳಿಗಳ ನಡುವಿನ ಕಾಲುವೆಯಲ್ಲಿ ಕುಣಿಯುತ್ತ ಇಳಿಯುತ್ತದೆ. ಆ ಕಾಲುವೆಗೆ ಸಿಗಡಿಯನ್ನು ಹೋಲುವ ಸಿಹಿನೀರಿನ ಜೀವಿಯೊಂದರ ಆಕಾರ ಕೊಟ್ಟಿದ್ದಾರೆ. ಇಟಾಲಿಯನ್ನಿನಲ್ಲಿ ಅದರ ಹೆಸರು ಗಂಬೆರೊ, ಗಂಬಾರಾ ಮನೆತನದ ಲಾಂಛನ. ಮುಂದೆ ಉದ್ದನೆಯ ಕಲ್ಲಿನ ಮೇಜು, ಅದರ ನಡುವೆಯೂ ನೀರು ಹರಿಯುತ್ತದೆ, ಊಟದ ಹೊತ್ತಿಗೆ ವೈನ್ ತಂಪಾಗಲೆಂದು. ಕೊನೆಗೆ ಕತ್ತರಿಸಿದ ಹಸಿರು ಬೇಲಿಗಳ ಚೌಕದ ನಡುವೆ ಆ ನೀರು ಕೊಳಗಳಲ್ಲಿ ನಿಲ್ಲುತ್ತದೆ. ಮನೆಯನ್ನೂ ಎರಡಾಗಿ ಒಡೆದು ಆಚೀಚೆ ಇಟ್ಟಿದ್ದಾರೆ, ನಡುಗೆರೆ ನೀರಿಗೇ ಮೀಸಲು. ಕಾಡಿನ ಅಂಚಿನಿಂದ ಗೆರೆ ಹೊಡೆದ ಚೌಕದವರೆಗಿನ ಈ ಇಳಿತವನ್ನು ಕನ್ನಡದ ಪದವೂ ತೋರಿಸಬೇಕು.

‘ಹಂತ’ ಎಂದರೆ ಮೆಟ್ಟಿಲಿನಷ್ಟೇ ಕಿರಿದಾಗುತ್ತದೆ. ‘ಸೋಪಾನೋದ್ಯಾನ’ ಬಾಯಿಗೆ ಭಾರ. ‘ಜಗಲಿ’ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಕರಾವಳಿಯಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಎತ್ತರಕ್ಕೆ ತಕ್ಕಂತೆ ಕರೆಯುತ್ತಾರಲ್ಲ, ಅದರಲ್ಲಿನ ‘ಮಜಲು’ ನನಗೆ ಹಿಡಿಸಿದೆ. ಅದರಲ್ಲಿ ನೆಲವೂ ಇದೆ, ಮಟ್ಟವೂ ಇದೆ. ಪಯಣದ ಘಟ್ಟ ಎಂಬ ಅರ್ಥ ಎಲ್ಲ ಕಡೆಯೂ ಬಳಕೆಯಲ್ಲಿದೆ. ತೋಟದಲ್ಲಿ ಇಳಿಯುತ್ತ ಹೋಗುವವರಿಗೆ ಅದೂ ಸಲ್ಲುತ್ತದೆ. ‘ಮೂರನೇ ಮಜಲಿನ ಕಾರಂಜಿ’ ಎಂದು ಬರೆದು ನೋಡಿದೆ, ಸಲೀಸಾಗಿದೆ.

ಜೊತೆಗೆ ಇನ್ನೊಂದು. ‘ಜಾರ್ದೀನೊ ಸೆಗ್ರೆತೊ’ ಅಂದರೆ ಮನೆಯೊಡೆಯರು ತಮಗಾಗಿಯೇ ಗೋಡೆ ಹಾಕಿಸಿಕೊಂಡ ಪುಟ್ಟ ತೋಟ. ‘ರಹಸ್ಯ ತೋಟ’ ಎಂದರೆ ಬಚ್ಚಿಟ್ಟದ್ದು ಎಂದಾಗುತ್ತದೆ, ಅದು ಸರಿಯಲ್ಲ. ‘ಒಳದೋಟ’ ಎನ್ನಲೇ, ‘ಖಾಸಾ ತೋಟ’ ಎನ್ನಲೇ?

ಮೈಸೂರು, ಧಾರವಾಡ, ಕಲಬುರಗಿ ಕಡೆಯವರಿಗೆ ‘ಮಜಲು’ ಎಂದರೆ ನೆಲದ ಚಿತ್ರ ಮೂಡುತ್ತದೆಯೇ? ನಿಮ್ಮ ಊರಿನಲ್ಲಿ ಇಳಿಜಾರಿನ ಮಟ್ಟಗಳಿಗೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.